ಮಗಳು ಟೀವಿ ನೋಡ್ತಿರಲಿಲ್ಲ

ಷಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಒಬ್ಬ ತಾಯಿ ಬರೆದಿದ್ದಾರೆ. ಮಗಳಿಗೆ 17. ಭರತನಾಟ್ಯ ಕಲಿತವಳು, ಈಗ ಶಾಲೆಯ ಹಿಪ್‌ಹಾಪ್ ತಂಡ ಸೇರಿದ್ದಾಳೆ. ಅವಳ ಜೊತೆ ಕುಣಿಯುವ ಹುಡುಗ ಕಪ್ಪು ಜನಾಂಗದವನು. ಇಬ್ಬರ ನಡುವೆ ಏನೋ ಇದೆ ಅಂತ ತಾಯಿಗೆ ಅನುಮಾನ. ಹೋದ ತಿಂಗಳು ಮಗಳು ಮನೆಯಲ್ಲಿ ‘ಸೇವ್ ದ ಲಾಸ್ಟ್ ಡಾನ್ಸ್’ ಸಿನಿಮಾ ಹಾಕಿದಳು. ಕ್ಲಿನಿಕ್ ದೃಶ್ಯಕ್ಕೆ ತಾಯಿ, “ನೋಡು, ಅವರ ಜನಾನೇ ಬೇಡ ಅಂತಾರೆ” ಎಂದು ಎದ್ದು ಅಡುಗೆಮನೆಗೆ ಹೋದರು. ಅವತ್ತಿನಿಂದ ಮಗಳು ಮಾತು ಬಿಟ್ಟಿದ್ದಾಳೆ. “ಮೈಸೂರಲ್ಲಿರೋ ನಮ್ಮತ್ತೆಗೆ ಏನು ಹೇಳಲಿ?” ಅಂತ ಕೇಳಿದ್ದಾರೆ.

ತಾಯಿ, ಅತ್ತೆಯವರನ್ನು ಸದ್ಯ ಮೈಸೂರಲ್ಲೇ ಬಿಡೋಣ. ನಿಮ್ಮ ಪತ್ರದ ಕೊನೆಗೆ ಒಂದು ಸಾಲಿದೆ: “ಅವಳು ಟೀವಿಗಿಂತ ನಮ್ಮ ಮುಖಾನೇ ಜಾಸ್ತಿ ನೋಡ್ತಿದ್ದಳು.” ಇಡೀ ಪತ್ರದ ಜೀವ ಅಲ್ಲಿದೆ, ನೀವು ಸುಮ್ನೆ ದಾಟಿ ಹೋಗಿದ್ದೀರಿ. ಹದಿನೇಳರ ಹುಡುಗಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ನೋಡಬಹುದಿತ್ತು. ಹಾಲ್‌ನಲ್ಲಿ ಅಪ್ಪ ಅಮ್ಮನ ನಡುವೆ ಕೂತು ಹಾಕಿದಳು. ಬಾಯಲ್ಲಿ ಹೇಳೋಕೆ ಆಗದ್ದನ್ನು ಹೇಳ್ತಿದ್ದಳು, ಅಲ್ವಾ?

2001ರ ಈ ಸಿನಿಮಾ ನಿಮ್ಮ ಷಿಕಾಗೋದ್ದೇ ಕಥೆ. ಸಾರಾ ಬ್ಯಾಲೆ ಕಲಿಯುವ ಬಿಳಿ ಹುಡುಗಿ. ಅವಳ ಆಡಿಷನ್‌ಗೆ ಅಂತ ಕಾರಿನಲ್ಲಿ ಧಾವಿಸುತ್ತಿದ್ದ ಅಮ್ಮ ಅಪಘಾತದಲ್ಲಿ ತೀರಿಕೊಳ್ಳುತ್ತಾಳೆ. ಹುಡುಗಿ ಕಪ್ಪು ಜನ ಹೆಚ್ಚಿರುವ ಸೌತ್ ಸೈಡ್‌ನಲ್ಲಿರುವ ಅಪ್ಪನ ಮನೆ ಸೇರುತ್ತಾಳೆ. ಅಲ್ಲಿ ಸಿಗುವ ಡೆರಿಕ್ ಓದಿ ಡಾಕ್ಟರ್ ಆಗಬೇಕು ಅಂತಿರುವ ಕಪ್ಪು ಹುಡುಗ. ಬಣ್ಣ ಒಂದು ಬಿಟ್ಟರೆ ನಮ್ಮವರು ಜಾತಕ ಹಿಡಿದು ಹುಡುಕುವ ಅಳಿಯ! ನೆಟ್ಟಗೆ ಬೆನ್ನು ಬಿಗಿದು ನಿಲ್ಲೋದೇ ಅಭ್ಯಾಸವಾದ ಸಾರಾಗೆ ಅವನು ಮೈ ಸಡಿಲ ಬಿಡೋದನ್ನು ಕಲಿಸುತ್ತಾನೆ. ವರ್ಷಗಟ್ಟಲೆ ಭರತನಾಟ್ಯದ ಅರಮಂಡಿ ಕೂತ ನಿಮ್ಮ ಮಗಳಿಗೆ ಆ ಭಾಗ ಎಷ್ಟು ಹತ್ತಿರ ಅನಿಸಿರಬೇಕು.

ಇನ್ನು ನೀವು ಆಸರೆ ಮಾಡಿಕೊಂಡ ಕ್ಲಿನಿಕ್ ದೃಶ್ಯ. ಅಲ್ಲಿ ಡೆರಿಕ್‌ನನ್ನು ಪ್ರೀತಿಸಿದ ಸಾರಾ ಮೇಲೆ ಸಿಡುಕುವವಳು ಅವನ ಒಡಹುಟ್ಟಿದ ಶೆನಿಲ್. ಓದುವ ವಯಸ್ಸಿಗೇ ಕೈಯಲ್ಲಿ ಮಗು, ಮಗುವಿನ ಅಪ್ಪನ ಮೇಲೆ ನಂಬಿಕೆ ಇಲ್ಲ. ನಮ್ಮಲ್ಲಿ ಉಳಿದಿರುವ ನಾಲ್ಕು ಒಳ್ಳೆ ಹುಡುಗರನ್ನೂ ನೀವು ಬಿಳಿಯರೇ ತಗೊಂಡು ಹೋಗ್ತೀರಲ್ಲ ಅನ್ನೋದು ಅವಳ ಸಂಕಟ. ಅದಕ್ಕೆ ದೊಡ್ಡ ಚರಿತ್ರೆಯಿದೆ. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಡುವವರೆಗೆ 16 ರಾಜ್ಯಗಳಲ್ಲಿ ಕಪ್ಪು-ಬಿಳಿ ಮದುವೆ ಕಾನೂನುಬಾಹಿರವಾಗಿತ್ತು. ಶೆನಿಲ್ ಗಾಯ ತೋರಿಸುತ್ತಿದ್ದಾಳೆ. ನೀವು ಅದನ್ನು ನಿಮ್ಮ ಭಯಕ್ಕೆ ಸಾಕ್ಷಿ ಮಾಡಿಕೊಂಡಿರಿ. ಇದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು ಮಾತು, ಹಳೇ ಓದುಗರಿಗೆ ಕೇಳಿ ಕೇಳಿ ಬೇಜಾರಾಗಿರಬಹುದು. ನಮ್ಮವರಿಗೆ ಅಮೆರಿಕದ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕಪ್ಪು ಜನ ಪೊಲೀಸರ ಲಾಠಿ ತಿಂದು ನಡೆಸಿದ ಸಮಾನ ಹಕ್ಕಿನ ಹೋರಾಟದ ಗಾಳಿಯಲ್ಲೇ ಅದೂ ಬಂತು. ಆ ಉಪಕಾರ ತಿಂದು ಅವರ ಮಗನನ್ನು ಅನುಮಾನದಿಂದ ನೋಡೋದು ಯಾವ ಊರಿನ ನ್ಯಾಯ?

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಕೋಪ ನಿಮ್ಮ ಯಜಮಾನರ ಮೇಲೆ. “ಕಾಲೇಜಿಗೆ ಹೋದ್ರೆ ತಾನೇ ಸರಿ ಹೋಗುತ್ತೆ” ಅಂದು ಬೇಸ್‌ಮೆಂಟಿಗೆ ಇಳಿದು ಕ್ರಿಕೆಟ್ ನೋಡುತ್ತಾರಂತೆ. ಮನೆಯಲ್ಲಿ ಕೆಟ್ಟವರಾಗುವ ಕೆಲಸವನ್ನು ಹೆಂಡತಿಗೆ ವಹಿಸಿ, ತಾವು ಒಳ್ಳೆಯವರಾಗಿ ಉಳಿಯುವ ಗಂಡಸರು ನನ್ನ ಅಂಚೆಯಲ್ಲಿ ತುಂಬಾ ಜನ.

ಮಗಳು ರಾತ್ರಿ ಎಷ್ಟು ಗಂಟೆಗೆ ಬರಬೇಕು, ಎಲ್ಲಿಗೆ ಹೋಗ್ತಾಳೆ ಅಂತ ಕೇಳುವ ಹಕ್ಕು ನಿಮಗಿದೆ. ಹುಡುಗ ಶಿವಮೊಗ್ಗದವನಾಗಿದ್ದರೆ ಏನು ಕೇಳ್ತಿದ್ದಿರೋ ಅಷ್ಟೇ ಕೇಳಿ.

ಮಾಡಬೇಕಾದ್ದು ಒಂದೇ. ಈ ಶನಿವಾರ ಅದೇ ಸಿನಿಮಾ ಹಾಕಿ, ನೀವು ಎದ್ದು ಹೋದ ಜಾಗದಿಂದ. ಯಜಮಾನರನ್ನು ಮೇಲೆ ಕರೆಸಿ, ಅವರ ಫೋನ್ ಕಿತ್ತಿಡಿ. ಕೊನೆವರೆಗೂ ಮೂವರೂ ಕೂತು ನೋಡಿ. ಹುಡುಗನ ವಿಷಯ ನೀವಾಗಿ ಎತ್ತಬೇಡಿ, ಅವಳಾಗಿ ಎತ್ತಿದರೆ ನಡುವೆ ಬಾಯಿ ಹಾಕಬೇಡಿ. ಅತ್ತೆಯವರ ಫೋನ್ ಬಂದರೆ ಮೈಸೂರಲ್ಲಿ ಮಳೆ ಹೇಗಿದೆ ಅಂತ ಕೇಳಿ.