ಹಿಂದಿನ ವೀಲ್ ಆರ್ಚ್ ತುಕ್ಕು: ಒಳಗಿನ ತಗಡು ಮೊದಲು ನೋಡಿ

ಸರ್, ನಿಮ್ಮ ಹಳೇ ಫೋರ್ ವೀಲ್ ಡ್ರೈವ್ ಗಾಡಿಯ ಹಿಂದಿನ ವೀಲ್ ಆರ್ಚ್‌ನಲ್ಲಿ (ಚಕ್ರದ ಮೇಲಿನ ಕಮಾನಿನ ತಗಡು) ಪೇಂಟ್ ಗುಳ್ಳೆ ಎದ್ದು, ಒಂದು ಕಡೆ ಬೆರಳು ತೂರುವಷ್ಟು ತೂತಾಗಿದೆ, ಫೈಬರ್ ಅಂಟಿಸಿ ಪುಟ್ಟಿ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅಲ್ಲಿ ತುಕ್ಕು ಸಾಮಾನ್ಯವಾಗಿ ಒಳಗಿನಿಂದ ಬರುತ್ತದೆ. ಹೊರ ತಗಡು, ಒಳ ತಗಡು ಎರಡನ್ನೂ ಅಂಚಿನಲ್ಲಿ ಸೇರಿಸಿ ಸ್ಪಾಟ್ ವೆಲ್ಡ್ (ಚುಕ್ಕಿ ಚುಕ್ಕಿಯಾಗಿ ಬೆಸುಗೆ) ಮಾಡಿರುತ್ತಾರೆ. ಆ ಸಂದಿಗೆ ಕೆಸರು ಸೇರಿಕೊಂಡರೆ ಬೇಗ ಒಣಗುವುದಿಲ್ಲ. ಪೇಂಟ್ ಉಬ್ಬುವ ಹೊತ್ತಿಗೆ ಒಳಗೆ ತಿಂದಾಗಿರುತ್ತದೆ. ಪುಟ್ಟಿ ಮೆತ್ತಿದರೆ ತುಕ್ಕು ಮುಚ್ಚುತ್ತದೆ, ನಿಲ್ಲುವುದಿಲ್ಲ.

ಮೊದಲು ಆರ್ಚ್ ಮೇಲಿನ ಪ್ಲಾಸ್ಟಿಕ್ ಪಟ್ಟಿ, ಮಡ್ ಫ್ಲಾಪ್, ಒಳಗಿನ ಟ್ರಿಮ್, ಕಾರ್ಪೆಟ್ ಎಲ್ಲ ಬಿಚ್ಚಿ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ, ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸೀಟ್ ಬೆಲ್ಟ್ ಬೋಲ್ಟ್ ಅಥವಾ ಬಾಡಿ ಮೌಂಟ್ (ಬಾಡಿಯನ್ನು ಚಾಸಿಗೆ ಕೂರಿಸುವ ಜಾಗ) ಹತ್ತಿರ ತಗಡು ಮೆತ್ತಗಾಗಿದ್ದರೆ ಆ ಭಾಗವನ್ನು ಅನುಭವ ಇರುವ ವೆಲ್ಡರ್‌ಗೇ ಕೊಡಿ. ಅದು ಜೀವ ಕಾಯುವ ಜಾಗ.

ಕತ್ತರಿಸುವ ಮೊದಲು ಆರ್ಚ್‌ನ ಬಾಗು ರಟ್ಟಿನಲ್ಲಿ ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಕಡೆ ಮಾಡಿ, ಇನ್ನೊಂದು ಕಡೆ ಅಳತೆಗೆ ಇರಲಿ. ತುಕ್ಕು ಮುಗಿದ ಮೇಲೂ ಎರಡು ಮೂರು ಸೆಂಟಿಮೀಟರ್ ಗಟ್ಟಿ ತಗಡಿನವರೆಗೆ ಹೋಗಿ. ಮೊದಲು ಹೊರ ತಗಡು ಮಾತ್ರ ತೆಗೆಯಿರಿ, ಗ್ರೈಂಡರ್ ಡಿಸ್ಕ್ ಆಳಕ್ಕೆ ಇಳಿಸಬೇಡಿ. ಆಗ ಒಳ ಆರ್ಚ್ ಪೂರ್ತಿ ಕಾಣುತ್ತದೆ. ಅದನ್ನು ಸರಿಮಾಡದೆ ಹೊಸ ಹೊರ ತಗಡು ಕೂರಿಸಿದರೆ ದುಡ್ಡು, ಶ್ರಮ ಎರಡೂ ದಂಡ. ಒಳ ಆರ್ಚ್‌ಗೆ 1 ಮಿಮೀ ಶೀಟ್ ಸಾಕು. ಒಂದೇ ದೊಡ್ಡ ತುಂಡು ಬಗ್ಗಿಸಲು ಒದ್ದಾಡುವ ಬದಲು ಸಣ್ಣ ಸಣ್ಣ ತುಂಡುಗಳಲ್ಲಿ ಕಟ್ಟಿ. ಅದು ಚಂದ ಕಾಣಬೇಕಿಲ್ಲ, ಗಟ್ಟಿ ಇದ್ದರೆ ಆಯ್ತು.

ರೆಡಿ ಪ್ಯಾನೆಲ್ (ಆಕಾರಕ್ಕೆ ಮಾಡಿ ಮಾರುವ ಹೊರ ತಗಡು) ತಂದಿದ್ದರೂ ಪೂರ್ತಿ ಹಾಕಬೇಕಿಲ್ಲ, ಬೇಕಾದಷ್ಟೇ ಕತ್ತರಿಸಿ. ಕ್ಲಾಂಪ್ ಹಾಕಿ, ಚಕ್ರ ಕೂರಿಸಿ, ಬಾಗಿಲ ಸಂದಿಯನ್ನೂ ನೋಡಿದ ಮೇಲೆ ವೆಲ್ಡಿಂಗ್. ಮಿಗ್ ವೆಲ್ಡರ್ (ತಂತಿ ತಾನೇ ಮುಂದೆ ಬರುವ ವೆಲ್ಡಿಂಗ್ ಯಂತ್ರ), 0.6 ಮಿಮೀ ತಂತಿ ಬಳಸಿ. ವೆಲ್ಡ್ ಉದ್ದಕ್ಕೆ ಎಳೆಯಲೇಬೇಡಿ. ಇಲ್ಲೊಂದು, ದೂರದಲ್ಲೊಂದು ಟ್ಯಾಕ್ (ಸಣ್ಣ ಚುಕ್ಕಿ ವೆಲ್ಡ್) ಹಾಕಿ, ಆರಲು ಬಿಡಿ, ಮತ್ತೆ ನಡುವೆ ತುಂಬಿ. ಅವಸರಪಟ್ಟರೆ ತಗಡು ಸೊಟ್ಟಗಾಗುತ್ತದೆ, ಆಮೇಲೆ ಪುಟ್ಟಿ ಜಾಸ್ತಿ ಬೇಕಾಗುತ್ತದೆ.

ಬ್ಯಾಟರಿ ಕನೆಕ್ಷನ್ ಮೊದಲೇ ತೆಗೆದಿರಬೇಕು. ತುಂಬಾ ಗಾಡಿಗಳಲ್ಲಿ ಇಂಧನ ತುಂಬುವ ಪೈಪ್ ಇದೇ ಆರ್ಚ್ ಪಕ್ಕದಲ್ಲೇ ಹೋಗುತ್ತದೆ. ಅದು ಎಲ್ಲಿದೆ ಅಂತ ಗೊತ್ತಾಗದೆ ಗ್ರೈಂಡರ್ ಕೂಡ ಆನ್ ಮಾಡಬೇಡಿ, ಹತ್ತಿರವಿದ್ದರೆ ಬಿಚ್ಚಿ ದೂರ ಇಡಿ. ಗಾಡಿ ಅಡಿಗೆ ಬಳಿದ ಹಳೇ ಅಂಡರ್‌ಕೋಟಿಂಗ್‌ಗೂ ಬೆಂಕಿ ಹತ್ತುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ, ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದು ನೋಡಿ. ಜಿಂಕ್ ಲೇಪದ ಶೀಟ್ ಆದರೆ ವೆಲ್ಡ್ ಜಾಗದಲ್ಲಿ ಲೇಪ ಉಜ್ಜಿ ತೆಗೆಯಿರಿ, ಜಿಂಕ್ ಸುಟ್ಟಾಗ ಬರುವ ಹೊಗೆ ಕುಡಿಯಬಾರದು.

ಎರಡು ತಗಡು ಒಂದರ ಮೇಲೊಂದು ಕೂರುವ ಕಡೆ ವೆಲ್ಡ್ ಮಾಡಬಹುದಾದ ಜಿಂಕ್ ಪ್ರೈಮರ್ ಮೊದಲೇ ಹಚ್ಚಿರಿ. ವೆಲ್ಡಿಂಗ್ ಮುಗಿದ ಮೇಲೆ ಎಪಾಕ್ಸಿ ಪ್ರೈಮರ್, ಸೀಮ್ ಸೀಲರ್ (ಸಂದಿ ಮುಚ್ಚುವ ಅಂಟು), ಪೇಂಟ್. ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಕ್ಕೆ ಸಿಂಪಡಿಸುವ, ತುಕ್ಕು ತಡೆಯುವ ಮೇಣ) ಕೊನೆಗೆ, ಒಳಗಿನಿಂದ ಧಾರಾಳವಾಗಿ. ನೀರು ಇಳಿಯುವ ತೂತುಗಳನ್ನು ಸೀಲರ್‌ನಿಂದ ಮುಚ್ಚಿಬಿಡಬೇಡಿ. ಪ್ಲಾಸ್ಟಿಕ್ ಪಟ್ಟಿಯ ಸ್ಕ್ರೂ ತೂತುಗಳಿಗೂ ಪೇಂಟ್ ತಾಗಿಸಿ.

ಹೊರ ತಗಡು ಕತ್ತರಿಸಿದ ಮೇಲೆ ಒಳ ಆರ್ಚ್ ಫೋಟೋ ಇಲ್ಲಿ ಹಾಕಿ ಸರ್. ಎಲ್ಲಿಯವರೆಗೆ ತೆಗೆಯಬೇಕು ಅಂತ ನೋಡಿ ಹೇಳುತ್ತೇನೆ.