ರಸ್ತೆ ಬದಿಯ ಸ್ಮಾರಕ: ಕಲ್ಲು ಎಲ್ಲಿ ನಿಲ್ಲಬೇಕು, ಅರ್ಜಿ ಯಾರಿಗೆ ಹೋಗಬೇಕು?

ಅಪಘಾತದಲ್ಲಿ ತೀರಿಕೊಂಡವರ ನೆನಪಿಗೆ ಹೆದ್ದಾರಿ ಪಕ್ಕದಲ್ಲಿ ಕಲ್ಲು, ಕಟ್ಟೆ, ಫೋಟೊ ಇಡುವುದು ಸರಿಯೇ ಎಂಬ ಬಗ್ಗೆ ಶಿವಮೊಗ್ಗ ಜಿಲ್ಲೆಯ ಓದುಗರು ಬರೆದ ಪ್ರಶ್ನೆಗಳಿವು. ರಸ್ತೆ ಸುರಕ್ಷತೆ ಮತ್ತು ಕಾನೂನು ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ತಿರುವೊಂದರಲ್ಲಿ ನಮ್ಮ ಅಣ್ಣನ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ವರ್ಷದ ತಿಥಿಯ ಹೊತ್ತಿಗೆ ಅದೇ ಜಾಗದಲ್ಲಿ ಸಿಮೆಂಟ್ ಕಟ್ಟೆ ಕಟ್ಟಿಸಿ, ಫೋಟೊ ಕೆತ್ತಿದ ನಾಲ್ಕು ಅಡಿ ಗ್ರಾನೈಟ್ ಕಲ್ಲು ನಿಲ್ಲಿಸಬೇಕೆಂದಿದ್ದೇವೆ. ಗ್ರಾಮ ಪಂಚಾಯ್ತಿಯವರು ತಮ್ಮದೇನೂ ತಕರಾರಿಲ್ಲ ಎಂದಿದ್ದಾರೆ. ಅಷ್ಟು ಸಾಕೇ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಸಾಲದು. ಅದು ರಾಷ್ಟ್ರೀಯ ಹೆದ್ದಾರಿ 169. ರಸ್ತೆಯಷ್ಟೇ ಅಲ್ಲ, ಅದರ ಎರಡೂ ಬದಿಯ ಗಡಿಕಲ್ಲಿನವರೆಗಿನ ಜಾಗವೂ ಹೆದ್ದಾರಿಗೆ ಸೇರಿದ್ದು. ಪಂಚಾಯ್ತಿಗೆ ಅಲ್ಲಿ ಅನುಮತಿ ಕೊಡುವ ಅಧಿಕಾರವಿಲ್ಲ. ಹೆದ್ದಾರಿ ಜಾಗವನ್ನು ಲಿಖಿತ ಅನುಮತಿಯಿಲ್ಲದೆ ಯಾರೂ ಬಳಸಕೂಡದು ಎಂದು 2002ರ ರಾಷ್ಟ್ರೀಯ ಹೆದ್ದಾರಿ ಭೂಮಿ ಮತ್ತು ಸಂಚಾರ ನಿಯಂತ್ರಣ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಬಳಸಿದರೆ ತೆರವು ಮಾಡಿಸುವುದು 26ನೇ ಕಲಂ. ರಾಜ್ಯ ಹೆದ್ದಾರಿಯಾದರೆ 1964ರ ಕರ್ನಾಟಕ ಹೆದ್ದಾರಿ ಕಾಯ್ದೆ. ಇನ್ನು ಅನುಮತಿ ಕೇಳಿದರೂ ಸಿಗುವುದಿಲ್ಲ: ಸಾರ್ವಜನಿಕ ರಸ್ತೆ, ಕಾಲುದಾರಿ, ರಸ್ತೆ ಬದಿಗಳಲ್ಲಿ ಪ್ರತಿಮೆಗಾಗಲಿ ಕಟ್ಟಡಕ್ಕಾಗಲಿ ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಬೀದಿ ದೀಪ, ಸಂಚಾರ ವ್ಯವಸ್ಥೆ, ಸಾರ್ವಜನಿಕ ಅನುಕೂಲದ ಕೆಲಸಗಳಿಗೆ ಮಾತ್ರ ಅದರಲ್ಲಿ ವಿನಾಯಿತಿ.

ಕಾನೂನು ಹಾಗಿರಲಿ, ಆ ಕಲ್ಲು ಅಲ್ಲಿ ಏನು ಮಾಡುತ್ತದೆ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದ ವಾಹನ ಅಲುಗಾಡದ ಕಲ್ಲಿಗೆ ಬಡಿದರೆ 14 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಷ್ಟೇ ಪೆಟ್ಟು. 80 ಕಿ.ಮೀ. ವೇಗವಾದರೆ 25 ಮೀಟರ್. ತಿರುವಿನಲ್ಲಿ ಜಾರಿದ ಬೈಕ್ ಸವಾರನಿಗೆ ಬದಿಯ ಹುಲ್ಲುನೆಲ ಖಾಲಿ ಇದ್ದರೆ ಉರುಳಿ, ತರಚಿಕೊಂಡು ಬದುಕುವ ಅವಕಾಶ ಇರುತ್ತದೆ. ಅದೇ ಜಾಗದಲ್ಲಿ ಒಂದೂವರೆ ಅಡಿ ಎತ್ತರದ ಸಿಮೆಂಟ್ ಕಟ್ಟೆ ಇದ್ದರೆ, ಅದರ ಅಂಚು ತಲೆಗೋ ಎದೆಗೋ ಸರಿಯಾಗಿ ಸಿಗುತ್ತದೆ. ಒಮ್ಮೆ ಬೈಕ್ ರಸ್ತೆ ಬಿಟ್ಟು ಹೊರಗೆ ಹೋದ ಕಡೆಯೇ ಇನ್ನೊಂದೂ ಹೋಗುವುದು ಹೆಚ್ಚು. ಆದ್ದರಿಂದ ಕಲ್ಲು ನಿಲ್ಲಿಸಲು ಅತ್ಯಂತ ಕೆಟ್ಟ ಜಾಗವೇ ನೀವು ಆರಿಸಿರುವ ಜಾಗ.

ತಿರುವಿನ ಒಳಬದಿಯಾದರೆ ಮತ್ತೊಂದು ತೊಂದರೆ. 50 ಕಿ.ಮೀ. ವೇಗದಲ್ಲಿರುವ ವಾಹನ ನಿಲ್ಲಲು ಚಾಲಕನಿಗೆ 60 ಮೀಟರ್ ಮುಂದಿನ ರಸ್ತೆ ಕಾಣಬೇಕು ಎಂಬುದು ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕ. ನೂರು ಮೀಟರ್ ತ್ರಿಜ್ಯದ ತಿರುವಿನಲ್ಲಿ ಅಷ್ಟು ಕಾಣಬೇಕಾದರೆ ಒಳಪಥದ ನಡುವಿನಿಂದ ನಾಲ್ಕೂವರೆ ಮೀಟರ್, ಅಂದರೆ ದ್ವಿಪಥ ರಸ್ತೆಯಲ್ಲಿ ಡಾಂಬರಿನ ಅಂಚಿನಾಚೆ ಸುಮಾರು ಎರಡೂ ಮುಕ್ಕಾಲು ಮೀಟರ್ ಜಾಗ ಬಯಲಾಗಿರಬೇಕು. ಮಲೆನಾಡಿನ ರಸ್ತೆಗಳಲ್ಲಿ ಧರೆ, ಗಿಡಗಂಟಿ, ಲಂಟಾನವೇ ಅದನ್ನು ಅರ್ಧ ನುಂಗಿರುತ್ತವೆ. ಉಳಿದಷ್ಟಕ್ಕೆ ನಾಲ್ಕು ಅಡಿ ಗ್ರಾನೈಟ್ ಅಡ್ಡ ಬಂದರೆ ಎದುರಿನ ಬೈಕ್ ಕಾಣುವುದೇ ಇಲ್ಲ. ಸಾರ್ವಜನಿಕ ದಾರಿಗೆ ಅಡ್ಡಿ, ಅಪಾಯ ಉಂಟುಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂನಲ್ಲಿ 5,000 ರೂಪಾಯಿವರೆಗೆ ದಂಡವಿದೆ. ದಂಡ ದೊಡ್ಡದಲ್ಲ, ಆದರೆ ನಿಮ್ಮ ಹುಡುಗನ ಹೆಸರಿನ ಕಲ್ಲಿನಿಂದ ಇನ್ನೊಂದು ಮನೆಯ ಹುಡುಗ ಹೋಗುವುದು ಬೇಡ.

ಕಲ್ಲನ್ನು ನಿಮ್ಮದೇ ಹಿಡುವಳಿ ಜಮೀನಿನಲ್ಲಿ ನಿಲ್ಲಿಸಿ. ಅದು ರಸ್ತೆಗೆ ತಾಗಿದ ಜಮೀನಾದರೆ ಹೆದ್ದಾರಿಯ ಗಡಿಕಲ್ಲು ಎಲ್ಲಿದೆ ಎಂದು ಮೊದಲು ನೋಡಿ. ಕಾಣದಿದ್ದರೆ ಸರ್ವೆ ಮಾಡಿಸಿ. ಬೇಲಿ ಇದ್ದಲ್ಲೇ ಗಡಿ ಎಂದುಕೊಳ್ಳಬೇಡಿ. ಬೇಲಿ ಎಷ್ಟೋ ಕಡೆ ಹೆದ್ದಾರಿ ಜಾಗದೊಳಗೇ ಬಂದಿರುತ್ತದೆ, ರಸ್ತೆ ಅಗಲ ಮಾಡುವಾಗ ಕಲ್ಲನ್ನು ಕೀಳಬೇಕಾಗಿ ಬಂದು ಮನೆಯವರು ಎರಡನೇ ಸಲ ನೋಯುತ್ತಾರೆ. ಫೋಟೊ ಇರುವ ಮುಖ ರಸ್ತೆಗಲ್ಲ, ಮನೆಯ ಕಡೆಗೋ ತೋಟದ ಕಡೆಗೋ ಇರಲಿ. ನಯ ಮಾಡಿದ ಕರಿ ಗ್ರಾನೈಟ್ ರಾತ್ರಿ ಹೆಡ್‌ಲೈಟ್‌ಗೆ ಹೊಳೆದು ಕಣ್ಣು ಸೆಳೆಯುತ್ತದೆ. ಈ ರಸ್ತೆಯ ಒಂದು ಭಾಗ ಶೆಟ್ಟಿಹಳ್ಳಿ ಅಭಯಾರಣ್ಯದ ಆಸುಪಾಸಿನಲ್ಲಿದೆ; ಅರಣ್ಯ ಜಾಗವಾದರೆ ಕಲ್ಲಿನ ಮಾತೇ ಬೇಡ.

ಊರಿಗೆ ಉಪಯೋಗವಾಗುವ ನೆನಪು ಬೇಕೆಂದಿದ್ದರೆ ಬಸ್ ತಂಗುದಾಣ ಕಟ್ಟಿಸುವುದು ನಮ್ಮ ಮೊದಲ ಸಲಹೆ. ಹೆದ್ದಾರಿ ವಿಭಾಗದ ಅನುಮತಿ ಇದಕ್ಕೂ ಬೇಕು. ಜಾಗ ತಿರುವಿನಲ್ಲಿ ಇರಬಾರದು. ಬಸ್ ಡಾಂಬರು ಬಿಟ್ಟು ಪೂರ್ತಿ ಬದಿಗೆ ಬರುವಷ್ಟು ಸ್ಥಳ ಮುಂದಿರಬೇಕು. ಇಲ್ಲಿನ ಮಳೆಗೆ ಮೇಲೊಂದು ಚಾವಣಿ ಸಾಲದು. ನೈಋತ್ಯದಿಂದ ಇರಚಲು ಹೊಡೆಯುವ ಕಡೆಗೆ ಜಂಬಿಟ್ಟಿಗೆಯ ಗೋಡೆ, ಮುಂದಕ್ಕೆ ಚಾಚಿದ ಸೂರು ಇಲ್ಲದಿದ್ದರೆ ಶಾಲೆ ಮಕ್ಕಳು ಒಳಗೆ ನಿಂತೂ ನೆನೆಯುತ್ತಾರೆ. ಬಸ್ ಬರುವ ದಿಕ್ಕಿನ ಗೋಡೆಯಲ್ಲಿ ಕಿಟಕಿಯಷ್ಟಗಲ ಜಾಗ ಬಿಡಿಸಿ. ಬಿಡದಿದ್ದರೆ ಬಸ್ ಬಂತೋ ಎಂದು ನೋಡಲು ಎಲ್ಲರೂ ರಸ್ತೆಗೇ ಇಳಿಯುತ್ತಾರೆ. ಹೆಸರಿನ ಫಲಕ ಒಳಗೋಡೆಯ ಮೇಲಿರಲಿ.

ಮೊದಲ ಕೆಲವು ದಿನ ಆ ಜಾಗದಲ್ಲಿ ಹೂವಿನ ಹಾರ, ಹಣತೆ ಇಟ್ಟು ಬರುವ ಮನೆಯವರನ್ನು ಯಾರೂ ತಡೆಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆ ಹೊತ್ತಿನಲ್ಲಿ ಕಾಯ್ದೆ ಓದಿ ಹೇಳುವವರು ಸ್ವಲ್ಪ ಸುಮ್ಮನಿರಲಿ. ಆದರೆ ಹೋದವರು ವಾಹನವನ್ನು ತಿರುವಿನಿಂದ ದೂರ, ನೇರ ರಸ್ತೆಯ ಬದಿಯಲ್ಲಿ ನಿಲ್ಲಿಸಿ, ಡಾಂಬರಿನ ಹೊರಗೇ ನಡೆದು ಹೋಗಬೇಕು. ಮಕ್ಕಳನ್ನು ಕರೆದೊಯ್ಯದಿರುವುದೇ ಲೇಸು.

ಪ್ರಶ್ನೆ: ಊರು ಕಾಯುತ್ತಾ ಸತ್ತವರಿಗೆ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ನಮ್ಮ ತಾಲ್ಲೂಕಿನ ಬಳ್ಳಿಗಾವಿಯ ಸುತ್ತ ಎಷ್ಟೊಂದು ಇವೆ. ಸತ್ತವರ ಹೆಸರಿನ ಕಲ್ಲು ದಾರಿಯಲ್ಲಿ ಇರಬಾರದೆಂದರೆ ಹೇಗೆ?
— ಶಿಕಾರಿಪುರ

ಸತ್ತವರನ್ನು ಊರೆಲ್ಲ ನೆನೆಯಬೇಕು ಎಂಬ ನಿಮ್ಮ ಮಾತಿಗೆ ನಮ್ಮ ಪೂರ್ಣ ಸಮ್ಮತಿ ಇದೆ. ಆದರೆ ವೀರಗಲ್ಲುಗಳು ನಿಂತದ್ದು ಊರ ಬಾಗಿಲು, ಕೆರೆ ಏರಿ, ದೇವಸ್ಥಾನದ ಅಂಗಳದಂಥ ಕಡೆ, ನಡೆದು ಬರುವವರು ನಿಂತು ನೋಡುವ ಜಾಗಗಳಲ್ಲಿ. 80 ಕಿ.ಮೀ. ವೇಗದಲ್ಲಿ ಹೋಗುವವನು ಎರಡು ಸೆಕೆಂಡ್ ಕಣ್ಣು ಪಕ್ಕಕ್ಕೆ ಹೊರಳಿಸಿದರೆ ಅಷ್ಟರಲ್ಲಿ 44 ಮೀಟರ್ ರಸ್ತೆ ನೋಡದೆಯೇ ದಾಟಿರುತ್ತಾನೆ. ಊರಿನ ರಂಗಮಂದಿರ, ಶಾಲೆ ಅಂಗಳ, ಸಂತೆಮಾಳ ಇವೆಯಲ್ಲ. ಅಪಘಾತದಲ್ಲಿ ಹೋದ ಊರವರೆಲ್ಲರ ಹೆಸರೂ ಇರುವ ಒಂದೇ ಕಲ್ಲನ್ನು ಅಲ್ಲಿ ನಿಲ್ಲಿಸಬಹುದು. ನವೆಂಬರ್ ತಿಂಗಳ ಮೂರನೇ ಭಾನುವಾರ ರಸ್ತೆ ಅಪಘಾತದಲ್ಲಿ ಮಡಿದವರ ವಿಶ್ವ ಸ್ಮರಣೆ ದಿನ, 2005ರಲ್ಲಿ ವಿಶ್ವಸಂಸ್ಥೆ ಒಪ್ಪಿದ್ದು. ಆ ದಿನ ಅಲ್ಲಿ ಸೇರಬಹುದು.

ಪ್ರಶ್ನೆ: ಇಂಥ ಕಲ್ಲು, ಶಿಲುಬೆ ಕಂಡರೆ ಜನ ನಿಧಾನವಾಗಿ ಓಡಿಸುತ್ತಾರೆ, ವಿದೇಶಗಳಲ್ಲೂ ಇದೆ ಎನ್ನುತ್ತಾರೆ. ನಿಜವೇ?
— ಸಾಗರ

ಇರುವುದು ನಿಜ. ಅಮೆರಿಕದ ಮೊಂಟಾನಾದಲ್ಲಿ 1953ರಿಂದ ಅಪಘಾತ ಸಾವಿನ ಜಾಗಗಳಲ್ಲಿ ಬಿಳಿ ಶಿಲುಬೆ ನೆಡಲಾಗುತ್ತಿದೆ. ಸೈಕಲ್ ಸವಾರ ಸತ್ತಲ್ಲಿ ಬಿಳಿ ಬಣ್ಣ ಬಳಿದ ಸೈಕಲ್ ಕಟ್ಟುವ ಪದ್ಧತಿ ಸೇಂಟ್ ಲೂಯಿಸ್‌ನಲ್ಲಿ 2003ರಲ್ಲಿ ಶುರುವಾಯಿತು. ಪರಿಣಾಮದ ಮಾತಿಗೆ ಬಂದರೆ, ಕೆನಡಾದ ಕ್ಯಾಲ್ಗರಿಯಲ್ಲಿ ಸಿಗ್ನಲ್ ಇರುವ ವೃತ್ತಗಳ ಬಳಿ ಸ್ಮಾರಕ ಇಟ್ಟು ನೋಡಿದಾಗ ಕೆಂಪು ದೀಪ ದಾಟುವವರು ನಂತರದ ಆರು ವಾರದಲ್ಲಿ ಕಡಿಮೆಯಾದರು; ವೇಗದ ಹೆದ್ದಾರಿಯಲ್ಲಿ ಮಾತ್ರ ಅಂಥ ಬದಲಾವಣೆ ಕಾಣಲಿಲ್ಲ. ನಿಧಾನ ಮಾಡಿಸುವ ಕೆಲಸಕ್ಕೆ ರಸ್ತೆ ಫಲಕಗಳೇ ಇವೆ, ಅವು ಇರಬೇಕಾದ ಕಡೆ ಇರಲಿ.

ಪ್ರಶ್ನೆ: ನಾನು ಬಸ್ ಚಾಲಕ. ಅಪಘಾತವಾದ ಕಡೆ ಯಾರೋ ಕಲ್ಲು ಇಡುತ್ತಾರೆ, ಎರಡು ವರ್ಷಕ್ಕೆ ಅದು ಚೌಡಮ್ಮನ ಕಟ್ಟೆಯಾಗುತ್ತದೆ. ಲಾರಿಯವರು ಅಲ್ಲೇ ನಿಲ್ಲಿಸಿ ಕಾಯಿ ಒಡೆಯುತ್ತಾರೆ. ಹೇಳಿದರೆ ಜಗಳ.
— ಹೊಸನಗರ

ತಿರುವು, ಸೇತುವೆ ಬಾಯಿ, ಏರಿನ ನೆತ್ತಿ: ವಾಹನ ನಿಲ್ಲಿಸಲೇಬಾರದ ಜಾಗದಲ್ಲೇ ಇಂಥವು ಹುಟ್ಟುತ್ತವೆ. ಕಾರಣ ಸರಳ, ಅಪಘಾತ ಆಗುವುದೂ ಅಲ್ಲೇ. ಸಾರ್ವಜನಿಕ ಜಾಗದಲ್ಲಿ ಮೊದಲಿನಿಂದ ಇರುವ ಧಾರ್ಮಿಕ ಕಟ್ಟಡಗಳಿಗೆ 2021ರ ಕರ್ನಾಟಕ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹೊಸದಾಗಿ ಕಟ್ಟಿದ್ದಕ್ಕೆ ಇಲ್ಲ. ಹಳೆಯ ಕಟ್ಟೆಯಾದರೆ ಜಗಳ ಬೇಡ. ತಿರುವಿನ ಆಚೆ ನೇರ ರಸ್ತೆಯಲ್ಲಿ ವಾಹನ ನಿಲ್ಲಲು ಜಾಗ ಮಾಡಿ, ಕಾಣಿಕೆ ಡಬ್ಬಿಯನ್ನು ಅಲ್ಲಿಗೆ ಸರಿಸಲು ಊರವರನ್ನು ಒಪ್ಪಿಸಿ. ಡಬ್ಬಿ ಹೋದಲ್ಲಿಗೆ ಲಾರಿಯೂ ಹೋಗುತ್ತದೆ. ಕಲ್ಲು ಹೊಸದಾದರೆ ಕಟ್ಟೆ ಏಳುವ ಮೊದಲೇ ಹೆದ್ದಾರಿ ವಿಭಾಗಕ್ಕೆ ಬರೆಯಿರಿ. ಆಗುಂಬೆ ಘಾಟಿಯ 14 ತಿರುವುಗಳಲ್ಲಂತೂ ಯಾವ ಕಾರಣಕ್ಕೂ ನಿಲ್ಲಿಸುವುದು ಬೇಡ.

ಪ್ರಶ್ನೆ: ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸ್ ತಾತ್ಕಾಲಿಕ ತಾನೆ, ಅದನ್ನಾದರೂ ಕಟ್ಟಬಹುದೇ?
— ಭದ್ರಾವತಿ

ಬೇಡ. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷೇಧ. ಅದನ್ನು ಕಟ್ಟಲು ಸಿಗುವ ಕಂಬ ಹೆಚ್ಚಾಗಿ ತಿರುವಿನ ಸೂಚನಾ ಫಲಕದ್ದೇ. ಗಾಳಿಮಳೆಗೆ ಒಂದು ದಾರ ಕಿತ್ತರೆ ಬೈಕ್ ಸವಾರನ ಮುಖಕ್ಕೆ ಬಂದು ಬಡಿಯುತ್ತದೆ.

ಪ್ರಶ್ನೆ: ನಮ್ಮೂರ ತಿರುವಿನಲ್ಲಿ ಮೂರು ಜನ ಹೋಗಿದ್ದಾರೆ. ಕಲ್ಲು ಬೇಡ, ರಸ್ತೆ ಸರಿ ಮಾಡಿ ಎಂದು ಎಷ್ಟೋ ಸಲ ಹೇಳಿದ್ದೇವೆ. ‘ಇದು ಬ್ಲ್ಯಾಕ್ ಸ್ಪಾಟ್ ಪಟ್ಟಿಯಲ್ಲಿಲ್ಲ’ ಎನ್ನುತ್ತಾರೆ.
— ಶಿವಮೊಗ್ಗ ತಾಲ್ಲೂಕು

ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಲೆಕ್ಕ ಬರುವುದು ಪೊಲೀಸ್ ದಾಖಲೆಯಿಂದ. ಬೈಕ್ ತಾನಾಗಿ ಜಾರಿ ಬಿದ್ದ ಪ್ರಕರಣಗಳಲ್ಲಿ ‘ನಮ್ಮ ಹುಡುಗನ ಮೇಲೇ ಕೇಸ್ ಆಗುತ್ತದೆ’ ಎಂದು ಮನೆಯವರು ದೂರು ಕೊಡುವುದಿಲ್ಲ. ಇಬ್ಬರು ಸವಾರರು ಡಿಕ್ಕಿಯಾದರೆ ಊರಲ್ಲೇ ರಾಜಿ. ಕೈಕಾಲು ಮುರಿದವರು ಖಾಸಗಿ ಆಸ್ಪತ್ರೆಗೆ ಹೋಗಿ ಬಂದು ಸುಮ್ಮನಾಗುತ್ತಾರೆ. ಹೀಗಾಗಿ ಮೂರು ಹಾರ ಬಿದ್ದ ತಿರುವು ಕಡತದಲ್ಲಿ ಖಾಲಿಯಾಗಿಯೇ ಉಳಿಯುತ್ತದೆ. ಸತ್ತವರಿಗಾಗಿ ಮನೆಯವರು ಮಾಡಬಹುದಾದ ಅತಿ ದೊಡ್ಡ ಕೆಲಸ ಅವರ ಅಪಘಾತ ಸರಿಯಾದ ಜಾಗದ ಹೆಸರಿನಲ್ಲಿ ದಾಖಲಾಗುವಂತೆ ನೋಡಿಕೊಳ್ಳುವುದು. ಎಫ್‌ಐಆರ್‌ನಲ್ಲಿ ‘ಇಂಥ ಊರಿನ ಹತ್ತಿರ’ ಎಂದಷ್ಟೇ ಇದ್ದರೆ ಅದು ಎರಡು ಕಿ.ಮೀ. ಆಚೆಯ ತಿರುವಿಗೂ ಸಲ್ಲುತ್ತದೆ. ಕಿ.ಮೀ. ಕಲ್ಲಿನ ಸಂಖ್ಯೆ ಬರೆಸಿ. ಪೊಲೀಸರು ಅಪಘಾತದ ವಿವರ ತುಂಬುವ ಇ-ಡಾರ್ ವ್ಯವಸ್ಥೆಯಲ್ಲಿ ಸ್ಥಳದ ಅಕ್ಷಾಂಶ, ರೇಖಾಂಶ ಸರಿಯಾಗಿದೆಯೇ ಎಂದು ಕೇಳಿ.

ರಸ್ತೆ ಯಾರದೆಂದು ಕಿ.ಮೀ. ಕಲ್ಲಿನ ತಲೆಯೇ ಹೇಳುತ್ತದೆ: ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಹಳದಿಯಾದರೆ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ ಅಥವಾ ಹೆದ್ದಾರಿ ಪ್ರಾಧಿಕಾರ. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಅರ್ಜಿಯನ್ನು ಕಾರ್ಯಪಾಲಕ ಎಂಜಿನಿಯರ್‌ಗೆ ಬರೆದು, ಪ್ರತಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ಜಿಲ್ಲಾಧಿಕಾರಿಗೂ ಪೊಲೀಸ್ ವರಿಷ್ಠಾಧಿಕಾರಿಗೂ ಕೊಡಿ. ‘ಅಪಾಯಕಾರಿ ತಿರುವು, ಸರಿಪಡಿಸಿ’ ಎಂದು ಬರೆದರೆ ಕೆಲಸ ಆಗುವುದಿಲ್ಲ. ಹೀಗೆ ಬರೆಯಿರಿ: ‘ಕಿ.ಮೀ. ಇಂತಿಷ್ಟರ ಕಲ್ಲಿನಿಂದ ತೀರ್ಥಹಳ್ಳಿ ಕಡೆಗೆ ಎರಡನೇ 200 ಮೀಟರ್ ಕಲ್ಲಿನ ಬಳಿ ಎಡ ತಿರುವು. ಡಾಂಬರಿನ ಅಂಚಿಗೂ ಮಣ್ಣಿಗೂ ನಾಲ್ಕು ಇಂಚು ವ್ಯತ್ಯಾಸ. ಹೊರಬದಿಯ ಬಾಣದ ಫಲಕ ಗಿಡದಲ್ಲಿ ಮುಚ್ಚಿದೆ. ಅಂಚಿನ ಬಿಳಿ ಗೆರೆ ಅಳಿಸಿದೆ. ಎಫ್‌ಐಆರ್ ಸಂಖ್ಯೆ ಇಂತಿಂಥವು.’ ಹಗಲು, ರಾತ್ರಿ, ಮಳೆ ಮೂರರಲ್ಲೂ ಚಾಲಕನ ಕಣ್ಣೆತ್ತರದಿಂದ ತೆಗೆದ ಫೋಟೊ ಲಗತ್ತಿಸಿ.

ಇವುಗಳಲ್ಲಿ ಅಂಚಿನ ಕುಸಿತವನ್ನು ಜನ ಗಮನಿಸುವುದೇ ಇಲ್ಲ. ಮಳೆಗೆ ಮಣ್ಣು ಕೊಚ್ಚಿಹೋಗಿ ಡಾಂಬರು ಮೆಟ್ಟಿಲಾಗಿರುತ್ತದೆ. ಎದುರು ಬಂದ ಬಸ್ಸಿಗೆ ದಾರಿ ಬಿಡಲು ಚಕ್ರ ಇಳಿಸಿದ ಬೈಕ್ ಸವಾರ ಮತ್ತೆ ಮೇಲೆ ಹತ್ತಿಸಲು ಹ್ಯಾಂಡಲ್ ತಿರುಗಿಸಿದಾಗ ಚಕ್ರ ಆ ಮೆಟ್ಟಿಲಿಗೆ ಉಜ್ಜಿ, ಬೈಕ್ ರಸ್ತೆಯ ನಡುವಿಗೆ ಬೀಳುತ್ತದೆ. ಅದಕ್ಕೆ ಬರೀ ಮಣ್ಣು ಸುರಿದರೆ ಮುಂದಿನ ಜೂನ್‌ಗೆ ಮತ್ತೆ ಹೋಯಿತು. ಜಲ್ಲಿ ಬೆರೆಸಿ ರೋಲರ್ ಹಾಕಿಸಬೇಕು, ಚರಂಡಿಯ ನೀರು ಅಂಚಿನ ಮೇಲೆ ಹರಿಯದಂತೆ ಮಾಡಬೇಕು.

ಜಂಗಲ್ ಕಟಿಂಗ್, ಬಾಣದ ಫಲಕ, ಅಂಚು ತುಂಬುವುದು ಇವು ಬ್ಲ್ಯಾಕ್ ಸ್ಪಾಟ್ ಪಟ್ಟಿಗೆ ಕಾಯಬೇಕಾದ ಕೆಲಸಗಳಲ್ಲ, ಮಾಮೂಲಿ ನಿರ್ವಹಣೆಯಲ್ಲೇ ಬರುತ್ತವೆ. ಹಾಗೆಂದು ಅರ್ಜಿಯಲ್ಲೇ ಬರೆಯಿರಿ. ತಿರುವಿನಲ್ಲಿ ರಸ್ತೆ ಒಳಬದಿಗೆ ವಾಲಿರಬೇಕಾದ ಅಡ್ಡ ಇಳಿಜಾರು ತಪ್ಪಿದ್ದರೆ, ಕ್ರ್ಯಾಶ್ ಬ್ಯಾರಿಯರ್ ಬೇಕಿದ್ದರೆ ಅಂದಾಜುಪಟ್ಟಿ, ಮಂಜೂರಾತಿ ಬೇಕು, ತಡವಾಗುತ್ತದೆ. ಡಾಂಬರು, ಬಿಳಿ ಗೆರೆಯ ಕೆಲಸ ಒಣ ರಸ್ತೆಯಲ್ಲೇ ಆಗಬೇಕಾದ್ದರಿಂದ ಮಳೆ ಮುಗಿದ ಕೂಡಲೇ, ಅಕ್ಟೋಬರ್–ನವೆಂಬರ್‌ನಲ್ಲಿ ಅರ್ಜಿ ಕೊಡಿ. ಮೇ ತಿಂಗಳಲ್ಲಿ ಕೊಟ್ಟರೆ ಇನ್ನೊಂದು ಮಳೆಗಾಲ ಹಾಗೇ ಕಳೆಯುತ್ತದೆ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಪ್ರತಿ ಕೇಳಿ. ರಾಜ್ಯದ ಕಚೇರಿಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ. ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಸಂಸ್ಥೆಗೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಮೋಟಾರು ವಾಹನ ಕಾಯ್ದೆಯ 198ಎ ಕಲಂನಲ್ಲಿ ಅವಕಾಶವಿದೆ. ಎರಡನೇ ಅರ್ಜಿಯಲ್ಲಿ ಅದನ್ನೂ ಉಲ್ಲೇಖಿಸಿ.

ಕೆಲಸ ಮುಗಿಯಿತು ಎಂದು ಹೇಳಿದ ಮೇಲೆ ರಾತ್ರಿ ಹೋಗಿ ನೋಡಿ. ಹಳದಿ ಹಿನ್ನೆಲೆಯ ಬಾಣದ ಫಲಕಗಳಲ್ಲಿ ಕನಿಷ್ಠ ಎರಡು ತಿರುವಿಗೆ ಬರುವ ಮೊದಲೇ ಡಿಮ್ ಲೈಟಿನಲ್ಲಿ ಒಟ್ಟಿಗೆ ಕಾಣಬೇಕು. ಕಾಣದಿದ್ದರೆ ಫಲಕದ ಮುಖ ಬೇರೆ ಕಡೆಗೆ ತಿರುಗಿರಬಹುದು. ಬಿಲ್ ಪಾಸಾಗುವ ಮೊದಲೇ ಆ ಫೋಟೊ ಸಮೇತ ಕಚೇರಿಗೆ ಬರೆದುಕೊಡಿ.