ಸಿವಿಲ್ ಎಂಜಿನಿಯರ್ ಆದವರು ಊರಿಗೆ ಉಚಿತವಾಗಿ ಏನು ಮಾಡಿಕೊಡಬಹುದು?

ಒಂಬತ್ತು ವರ್ಷದಿಂದ ಬೆಂಗಳೂರಿನಲ್ಲಿ ಕಟ್ಟಡ ವಿನ್ಯಾಸದ ಕೆಲಸದಲ್ಲಿದ್ದೀರಿ, ಮೂಲ ಮನೆ ಕುಮಟಾ ತಾಲ್ಲೂಕಿನಲ್ಲಿದೆ, ಕಲಿತ ವಿದ್ಯೆಯನ್ನು ದುಡ್ಡು ಪಡೆಯದೆ ಊರಿನ ಕೆಲಸಕ್ಕೆ ಕೊಡುವ ಮನಸ್ಸಿದೆ ಎಂದು ಬರೆದಿದ್ದೀರಿ. ಎಲ್ಲಿಂದ ತೊಡಗಬೇಕು, ಅದರ ಬದಲು ಹಣ ಕೊಟ್ಟುಬಿಡುವುದೇ ಮೇಲೇ ಎಂಬುದು ನಿಮ್ಮ ಪ್ರಶ್ನೆ. ನಾನು ಶಿರಸಿಯಲ್ಲಿ ಸಣ್ಣದೊಂದು ವಿನ್ಯಾಸ ಕಚೇರಿ ನಡೆಸುತ್ತೇನೆ. ಮನೆ, ಅಂಗಡಿ, ಅಡಿಕೆ ಗೋದಾಮುಗಳ ನಕ್ಷೆ ನನ್ನ ಜೀವನೋಪಾಯ. ಕೆಲವು ವರ್ಷಗಳಿಂದ ಕಾಲುಸಂಕಗಳ (ಹಳ್ಳ ದಾಟುವ ಕಾಲುಸೇತುವೆಗಳ) ಅಳತೆ, ನಕ್ಷೆ, ವೆಚ್ಚದ ಅಂದಾಜು ಪಟ್ಟಿಯನ್ನು ಶುಲ್ಕವಿಲ್ಲದೆ ಮಾಡಿಕೊಡುತ್ತಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ.

ಹಣ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ನಮ್ಮ ಘಟ್ಟದ ಕೇರಿಗಳಲ್ಲಿ ಹಣಕ್ಕಿಂತ ಮೊದಲು ಬೇಕಾದದ್ದು ಒಂದು ಹಾಳೆ. ಕಲ್ಲು ಹೊರಲು ಜನರಿದ್ದಾರೆ, ತೋಟದ ಮರ ಕಡಿದು ಕೊಡುವವರಿದ್ದಾರೆ, ಕೆಲಸ ಮಾಡಿದವರಿಗೆಲ್ಲ ಊಟ ಹಾಕುವ ಮನೆಗಳಿವೆ. ಇಲ್ಲದಿರುವುದು ಹಳ್ಳದ ಅಗಲ, ದಡದ ಎತ್ತರ, ಮಳೆಗಾಲದ ನೀರಿನ ಮಟ್ಟ ಬರೆದ ನಕ್ಷೆ ಮತ್ತು ಅದರ ಬೆನ್ನಿಗೆ ಒಂದು ಅಂದಾಜು ಪಟ್ಟಿ. ಅದಿಲ್ಲದ ಅರ್ಜಿ ವರ್ಷವರ್ಷವೂ ಗ್ರಾಮಸಭೆಯಲ್ಲಿ ಓದಿಸಿಕೊಂಡು ಕಡತದಲ್ಲಿ ಮಲಗುತ್ತದೆ. ಆ ಹಾಳೆಯನ್ನು ನೀವು ಮಾಡಬಲ್ಲಿರಿ. ಕಲ್ಲು ಹೊರುವುದಕ್ಕೆ ನೀವೇ ಆಗಬೇಕೆಂದಿಲ್ಲ.

ನಾನು ಮೊದಲು ಮಾಡಿದ ಸಂಕದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಘನಾಶಿನಿ ನದಿಗೆ ಸೇರುವ ಒಂದು ಹಳ್ಳ, ಆಚೆ ದಡದಲ್ಲಿ ಹದಿನಾಲ್ಕು ಮನೆ. ಪ್ರತಿ ವರ್ಷ ಮೇ ಕೊನೆಗೆ ಊರವರೇ ಮೂರು ಅಡಿಕೆ ಮರ ಅಡ್ಡ ಹಾಕಿ, ಮೇಲೆ ದಬ್ಬೆ (ಸೀಳಿದ ಮರದ ಪಟ್ಟಿ) ಕಟ್ಟಿ, ಹಿಡಿದುಕೊಳ್ಳಲು ಒಂದು ಬದಿಗೆ ಹಗ್ಗ ಬಿಗಿಯುತ್ತಿದ್ದರು. ಜುಲೈ ಹೊತ್ತಿಗೆ ದಬ್ಬೆಯ ಮೇಲೆ ಪಾಚಿ ಹಿಡಿಯುತ್ತಿತ್ತು. ಶಾಲೆಗೆ ಹೋಗುವ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬರ ಹಿಂದೆ ಒಬ್ಬರು ದಾಟುತ್ತಿದ್ದರು. ಕೊಡೆಯನ್ನು ಮಡಚಲೇಬೇಕು, ಗಾಳಿಗೆ ಅದು ಆಳನ್ನೇ ಎಳೆಯುತ್ತದೆ. ನಾನು ಏಪ್ರಿಲಿನಲ್ಲಿ ಅಳತೆಗೆ ಹೋದೆ. ನೀರು ಪಾದ ಮುಳುಗುವಷ್ಟಿತ್ತು, ಅಗಲ ನಾಲ್ಕು ಮೀಟರ್. ಟೇಪು ಹಿಡಿದು ನಿಂತಿದ್ದಾಗ ದಡದ ಮೇಲೆ ಸೊಪ್ಪಿನ ಹೊರೆ ಇಳಿಸಿ ಕೂತಿದ್ದ ಅಜ್ಜಿಯೊಬ್ಬರು ಹೇಳಿದರು: "ತಮಾ, ನೀನು ಅಳೆಯುತ್ತಿರುವುದು ಬೇಸಿಗೆಯ ಹಳ್ಳ. ಆಷಾಢದಲ್ಲಿ ನೀರು ಆ ಮತ್ತಿ ಮರದ ಕವಲು ಮುಟ್ಟುತ್ತದೆ."

ಹೋಗಿ ನೋಡಿದರೆ ಕವಲಿನಲ್ಲಿ ಕಳೆದ ವರ್ಷದ ಒಣ ಸೋಗೆ ಇನ್ನೂ ಸಿಕ್ಕಿಕೊಂಡಿತ್ತು. ಎತ್ತರ ಅಳೆಯುವ ಲೆವೆಲ್ ಉಪಕರಣವನ್ನು ಅಲ್ಲಿಗೆ ಹಿಡಿದೆ. ನಾಲ್ಕು ಮೀಟರ್ ಹಳ್ಳಕ್ಕೆ ಹನ್ನೆರಡು ಮೀಟರ್ ಸಂಕ ಬೇಕಾಯಿತು. ಯಾವ ಪುಸ್ತಕದ ಸೂತ್ರವೂ ಆ ಮಟ್ಟವನ್ನು ಅಷ್ಟು ಖಚಿತವಾಗಿ ಕೊಡುತ್ತಿರಲಿಲ್ಲ.

ಅಷ್ಟಾದರೂ ನಾನು ತಪ್ಪಿದೆ. ನೀರಿನ ಮಟ್ಟಕ್ಕಿಂತ ಒಂದಡಿ ಮೇಲೆ ಸಂಕದ ತಳ ಬರುವಂತೆ ನಕ್ಷೆ ಮಾಡಿದೆ. ನೀರಿನ ಮೇಲೆ ತೇಲಿ ಬರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲ ಮಳೆಗಾಲದಲ್ಲೇ ಬೇರು ಸಮೇತ ಕಿತ್ತು ಬಂದ ಮರವೊಂದು ಸಂಕದ ಕಟಾಂಜನಕ್ಕೆ (ಬದಿಯ ಕೈಹಿಡಿ ಸರಳುಗಳಿಗೆ) ಸಿಕ್ಕಿಕೊಂಡಿತು. ಅದರ ಹಿಂದೆ ಸೋಗೆ, ಬಿದಿರು, ಕಸ ಒಟ್ಟಾಗಿ ಗೋಡೆಯಂತೆ ನಿಂತು, ನೀರಿನ ಒತ್ತಡಕ್ಕೆ ಸರಳುಗಳು ಬಾಗಿದವು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೊಂದೇ ಸಮಾಧಾನ. ಮುಂದಿನ ಬೇಸಿಗೆಯಲ್ಲಿ ಎರಡೂ ದಡದ ಕಟ್ಟೆಗಳ ಮೇಲೆ ಕಾಂಕ್ರೀಟ್ ಪೀಠ ಹಾಕಿಸಿ ಸಂಕವನ್ನು ನಾಲ್ಕು ಅಡಿ ಎತ್ತರಿಸಿದೆವು. ಆ ಸಲದ ಲೆಕ್ಕವನ್ನು ನಾನು ಮೂರು ಸಲ ತಿರುವಿ ನೋಡಿದೆ, ಇನ್ನೊಬ್ಬ ಎಂಜಿನಿಯರ್ ಗೆಳೆಯರಿಗೂ ತೋರಿಸಿದೆ. ಹಣ ಕೊಡುವ ಗ್ರಾಹಕರ ಕೆಲಸವಾಗಿದ್ದರೆ ಆ ಎರಡನೆಯ ಕಣ್ಣನ್ನು ಮೊದಲೇ ಕೇಳುತ್ತಿದ್ದೆ. ಬಿಟ್ಟಿ ಕೆಲಸವೆಂದು ರಾತ್ರಿ ಉಳಿದ ಹೊತ್ತಿನಲ್ಲಿ ಮುಗಿಸಿದ್ದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಶುಲ್ಕ ಬಿಡಬಹುದು, ಪರಿಶೀಲನೆಯನ್ನು ಬಿಡುವ ಹಾಗಿಲ್ಲ. ಸಂಕದ ಮೇಲೆ ನಡೆಯುವ ಮಗುವಿಗೆ ನೀವು ಎಷ್ಟು ಪಡೆದಿರಿ ಎಂಬುದು ಗೊತ್ತಿಲ್ಲ.

ಇನ್ನು ಕಡತದ ವಿಷಯ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಭಾಗ ಕಾಡು. ಎರಡು ಮನೆಗಳ ನಡುವಿನ ಹಳ್ಳವೂ ಅರಣ್ಯ ಭೂಮಿಯಾಗಿರುವುದುಂಟು. 'ಅರಣ್ಯ' ಎಂಬ ಒಂದು ಪದಕ್ಕೆ ಹೆದರಿ ಎಷ್ಟೋ ಊರುಗಳು ಅರ್ಜಿಯನ್ನೇ ಕೈಬಿಟ್ಟಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮುಂತಾದ ಹದಿಮೂರು ಬಗೆಯ ಸಾರ್ವಜನಿಕ ಸೌಲಭ್ಯಗಳಿಗೆ ದಾರಿ ಇದೆ. ಪ್ರತಿ ಕೆಲಸಕ್ಕೆ ಬೇಕಾದ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು, ಗ್ರಾಮಸಭೆಯ ಠರಾವು ಇರಬೇಕು. ರಸ್ತೆಯ ಭಾಗವಾದ ಕಾಲುಸಂಕಕ್ಕೆ ಬೇಕಾಗುವುದು ಕೆಲವೇ ಚದರ ಮೀಟರ್. ಹಲವು ಕಡೆ ಒಂದು ಮರವನ್ನೂ ಮುಟ್ಟಬೇಕಿಲ್ಲ. ಆದರೆ ಅದನ್ನು ಸ್ಥಳದ ನಕ್ಷೆಯಲ್ಲಿ ಅಳತೆ ಸಹಿತ ತೋರಿಸಿಕೊಡುವವರು ಬೇಕು. ನಾನು ಮೊದಲ ಊರಿಗೆ ಮಾಡಿಕೊಟ್ಟ ಅತ್ಯಂತ ಉಪಯುಕ್ತ ಕೆಲಸ ಅದೇ. ಸಂಕದ ವಿನ್ಯಾಸಕ್ಕಿಂತಲೂ ಹೆಚ್ಚು ಎಂದು ಈಗಲೂ ನಂಬಿದ್ದೇನೆ. ನಿಮ್ಮ ನಕ್ಷೆ ಇಲಾಖೆಯ ತಾಂತ್ರಿಕ ಮಂಜೂರಾತಿಯ ಜಾಗದಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ಊರವರಿಗೆ ಮೊದಲ ದಿನವೇ ಬಿಡಿಸಿ ಹೇಳಿ. ನೀವು ಏನು ಮಾಡಿಕೊಡುತ್ತೀರಿ, ಎಲ್ಲಿಗೆ ನಿಲ್ಲಿಸುತ್ತೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದು ಪಂಚಾಯಿತಿಗೆ ಕೊಡಿ. ಬಾಯಿಮಾತಿನಲ್ಲಿ ತೊಡಗಿದರೆ ಆಮೇಲೆ ನೀವೇ ಗುತ್ತಿಗೆದಾರರನ್ನು ಹುಡುಕಿ, ನೀವೇ ಸಿಮೆಂಟ್ ತರಿಸಬೇಕಾಗುತ್ತದೆ.

ನಿಮ್ಮದು ಕುಮಟಾ ಕಡೆ ಎಂದಮೇಲೆ ಇನ್ನೊಂದು ಮಾತು. ಘಟ್ಟದ ಮೇಲೆ ನಡೆಯುವುದು ಕೆಳಗೆ ನಡೆಯುವುದಿಲ್ಲ. ಸಮುದ್ರದ ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಪ್ರಕಾರ ಕನಿಷ್ಠ ಎಂ30 ದರ್ಜೆಯ ಬಲ, ಕಬ್ಬಿಣದ ಮೇಲೆ 45 ಮಿ.ಮೀ. ಕವರ್ (ಅದನ್ನು ಮುಚ್ಚುವ ಕಾಂಕ್ರೀಟ್ ಪದರ) ಬೇಕು. ನಮ್ಮ ಊರುಗಳಲ್ಲಿ ಮೇಸ್ತ್ರಿಗಳು ರೂಢಿಯ ಮೇಲೆ ಇಡುವುದು ಇದಕ್ಕಿಂತ ಎಷ್ಟೋ ಕಡಿಮೆ, ಹತ್ತು ವರ್ಷದೊಳಗೆ ತುಕ್ಕು ಉಬ್ಬಿ ಸಿಮೆಂಟ್ ಉದುರುತ್ತದೆ. ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬದಿಯ ಶಾಲೆ, ಅಂಗನವಾಡಿಗಳ ತಾರಸಿಯನ್ನು ಒಂದು ಸುತ್ತು ನೋಡಿ ವರದಿ ಬರೆದುಕೊಡುವುದೂ ದೊಡ್ಡ ಸೇವೆಯೇ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿ ಹೊಳೆಗೆ ಬಿದ್ದದ್ದನ್ನು ಓದಿರುತ್ತೀರಿ. ಅಷ್ಟು ದೊಡ್ಡದನ್ನು ನೋಡಿಕೊಳ್ಳಲು ಸರ್ಕಾರವಿದೆ. ಕೇರಿಯ ಸಂಕವನ್ನು, ಶಾಲೆಯ ಚಾವಣಿಯನ್ನು ತಜ್ಞರ ಕಣ್ಣು ವರ್ಷಕ್ಕೊಮ್ಮೆಯೂ ನೋಡುವುದಿಲ್ಲ.

ಸುಳ್ಯದ ಗಿರೀಶ್ ಭಾರದ್ವಾಜರ ಹೆಸರು ನೀವು ಕೇಳಿರಬಹುದು. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1989ರಲ್ಲಿ ಅರಂಬೂರಿನ ಜನ ಕೇಳಿಕೊಂಡದ್ದಕ್ಕೆ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು, ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ನನಗೆ ಆ ಕಥೆಯಲ್ಲಿ ಹಿಡಿಸುವುದು ಮೊದಲ ಸೇತುವೆ. ಊರವರು ಬಂದು ಕೇಳಿದ್ದರು. ಹಾಗಾಗಿ ನೀವೂ ಯೋಜನೆ ಹಿಡಿದುಕೊಂಡು ಊರಿಗೆ ಬರಬೇಡಿ. ಗ್ರಾಮಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತು, ಮೂರು ವರ್ಷದಿಂದ ಒಂದೇ ಅರ್ಜಿ ಕೊಡುತ್ತಿರುವವರು ಯಾರೆಂದು ಗಮನಿಸಿ. ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕಂಡು ಆ ಕಡತ ಎಲ್ಲಿ ನಿಂತಿದೆ ಎಂದು ಕೇಳಿ. ಅಲ್ಲಿ ನಿಮಗೆ ಕೆಲಸ ಸಿಗುತ್ತದೆ.

ವರ್ಷಕ್ಕೆ ಒಂದೇ ಕೆಲಸ ಹಿಡಿಯಿರಿ. ಎರಡನ್ನು ಒಪ್ಪಿ ಒಂದನ್ನು ಅರ್ಧಕ್ಕೆ ಬಿಟ್ಟರೆ ಆ ಊರು ಮುಂದೆ ಬರುವ ಎಂಜಿನಿಯರನ್ನೂ ನಂಬುವುದಿಲ್ಲ.

ರಜೆಯನ್ನೆಲ್ಲ ಬೇಸಿಗೆಗೇ ಹಾಕಬೇಡಿ, ಎರಡು ಭಾಗ ಮಾಡಿ. ಜುಲೈನಲ್ಲಿ ನಾಲ್ಕು ದಿನ ಬಂದು, ಮಳೆ ಹಿಡಿದು ಹೊಡೆಯುವ ಹೊತ್ತಿನಲ್ಲಿ ದಡದ ಮರದ ಮೇಲೆ ಕೆಂಪು ಬಣ್ಣದಲ್ಲಿ ನೀರಿನ ಮಟ್ಟ, ತಾರೀಖು ಗುರುತಿಸಿ. ಟೇಪು, ಲೆವೆಲ್ ಏಪ್ರಿಲಿಗೆ ಇರಲಿ. ಲೆವೆಲ್ ಉಪಕರಣ ನಿಮ್ಮಲ್ಲಿಲ್ಲದಿದ್ದರೆ ನನ್ನದನ್ನು ಒಯ್ಯಬಹುದು; ಏಪ್ರಿಲಿನಲ್ಲಿ ನನಗೂ ಎರಡು ಹಳ್ಳಗಳ ಅಳತೆ ಬಾಕಿ ಇದೆ, ದಿನ ಹೊಂದಿಸಿಕೊಂಡರಾಯಿತು.